ಹನ್ನೊಂದು ಸೀಟಿ

ಮೂರು ಗಂಟೆಗೆ ಇನ್ನೂ ಮೂರು ನಿಮಿಷ ಬಾಕಿಯಿರುವಾಗಲೇ ಅವನು ಕೈಯಲ್ಲಿದ್ದ ಕೆಳದವಡೆಯನ್ನು ಮೇಜಿನ ಮೇಲಿಟ್ಟು, ಹೊಟ್ಟೆ ಸರಿಯಿಲ್ಲವೆಂದು ಮೇಲ್ವಿಚಾರಕಿಗೆ ಹೇಳಿ, ಏಪ್ರನ್ನು ಬಿಚ್ಚಿ ಮೊಳೆಗೆ ನೇತುಹಾಕಿ ಹೊರಟುಬಿಟ್ಟ. ಹೊಟ್ಟೆ ಚೆನ್ನಾಗಿಯೇ ಇತ್ತು. ಬೆಳಗಿನಿಂದ ಅದರೊಳಗೆ ಏನೋ ಒಂದು ಕುಣಿದಾಡುತ್ತಿತ್ತು, ಅಷ್ಟೆ. ಇಪ್ಪತ್ತೆರಡು ವರ್ಷದಿಂದ ಅವನು ಇದೇ ಮೂರನೆಯ ಮಹಡಿಯಲ್ಲಿ ಕೂತು ಹಲ್ಲಿನ ಸೆಟ್ಟು ಮಾಡುತ್ತಿದ್ದ. ಡಾಕ್ಟರುಗಳು ಬಾಯಿಯ ಅಚ್ಚು ತೆಗೆದು ಕಳಿಸುತ್ತಿದ್ದರು, ಪ್ರತಿ ಅಚ್ಚಿಗೂ ಒಂದು ನಂಬರು, ಆ ನಂಬರಿಗೆ ಅವನು ಪ್ಲಾಸ್ಟರಿನ ಒಸಡು ಎರೆದು, ಮೇಣದಲ್ಲಿ ಹಲ್ಲು ಜೋಡಿಸಿ, ಹಿತ್ತಾಳೆಯ ದವಡೆಯಂತ್ರದಲ್ಲಿ ಕೂರಿಸಿ ನೂರು ಸಲ ಕಚ್ಚಿಸಿ, ನೀಲಿ ಕಾರ್ಬನ್ ಕಾಗದದ ಗುರುತು ನೋಡಿ ನೋಡಿ ತೀಡಿ, ಹೊಳಪು ಕೊಟ್ಟು ಡಬ್ಬಿಗೆ ಹಾಕಿ ವಾಪಸು ಕಳಿಸುತ್ತಿದ್ದ. ಬಾಯಿ ಯಾರದೆಂದು ತಿಳಿಯುತ್ತಿರಲಿಲ್ಲ. ಸಾವಿರಾರು ಜನ ಅವನ ಹಲ್ಲಿನಿಂದ ಸೇಬು ಕಚ್ಚಿದ್ದರು, ಬೈದಿದ್ದರು, ಸುಳ್ಳು ಹೇಳಿದ್ದರು. ತಾನು ಮಾಡಿದ ಹಲ್ಲನ್ನು ಒಂದು ಬಾಯೊಳಗೆ ಅವನು ಕಣ್ಣಾರೆ ಕಂಡದ್ದು ಮಾತ್ರ ಒಂದೇ ಸಲ. ಅದೂ ಅಗಿಯುವುದನ್ನಲ್ಲ, ಬೀಳುವುದನ್ನು. ಆ ಬಾಯಿ ಅವನ ಅಕ್ಕನದು.

ಇವತ್ತು ಸಂಜೆ ಏಳಕ್ಕೆ ಅಕ್ಕ ಊಟದ ಮೇಜಿಗೆ ಬರುತ್ತೇನೆ ಎಂದಿದ್ದಳು. ಎರಡು ವರ್ಷದ ಮೇಲೆ. ಹೊಸ ಸೆಟ್ಟನ್ನು ಡಾಕ್ಟರು ನಿನ್ನೆ ಕೂರಿಸಿದ್ದರು. ಬೆಳಿಗ್ಗೆ ಅವನು ಕೆಲಸಕ್ಕೆ ಹೊರಡುವಾಗ ಅವಳು ಕೋಣೆಯ ಬಾಗಿಲು ಒಂದು ಗೇಣು ತೆರೆದು, ಬಾಯಿಗೆ ಕೈ ಅಡ್ಡ ಇಟ್ಟುಕೊಂಡೇ, "ಸೂಪು ಮಾಡು. ಬರ್ತೀನಿ. ಸರಿ ಹೋಗ್ಲಿಲ್ಲ ಅಂದ್ರೆ ಇನ್ಮೇಲೆ ಕರೀಬೇಡ," ಎಂದು ಬಾಗಿಲು ಹಾಕಿಕೊಂಡಿದ್ದಳು. ಅಂದರೆ ಇದೊಂದೇ ಊಟ. ಸರಿಹೋದರೆ ಅಕ್ಕ ಮೇಜಿಗೆ ಮರಳಿ ಬರುತ್ತಾಳೆ, ಇಲ್ಲವಾದರೆ ಆ ಬಾಗಿಲು, ಆ ಒಂಟಿ ತಟ್ಟೆ, ಗೋಡೆಯಾಚೆಯಿಂದ ಕೇಳುವ ಚಮಚದ ಸದ್ದು, ಅವಳಿರುವಷ್ಟು ಕಾಲವೂ ಅದೇ. ಇಷ್ಟು ದೊಡ್ಡ ವಿಷಯ ತಲೆಯ ಮೇಲೆ ಕೂತಿರುವಾಗ ಮನುಷ್ಯ ಗಂಭೀರವಾಗಿ ನಡೆಯಬೇಕು. ಆದರೆ ಅವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಮೆಟ್ಟಿಲನ್ನು ಎರಡೆರಡಾಗಿ ಇಳಿದ, ಬೀದಿಯಲ್ಲಿ ಎದುರಾದ ಅಂಚೆಯವನಿಗೆ ಸುಮ್ಮನೆ ನಮಸ್ಕಾರ ಹೊಡೆದ, ಮೂಗಿನ ತುದಿಗೆ ಜಾರಿದ ಕನ್ನಡಕವನ್ನು ಹತ್ತು ಸಲ ಮೇಲೆ ತಳ್ಳಿದ. ಆ ಕನ್ನಡಕದ ತಿರುಪು ಸಡಿಲವಾಗಿ ಆರು ತಿಂಗಳಾಗಿತ್ತು. ಕೂದಲೆಳೆಯ ಲೆಕ್ಕದಲ್ಲಿ ಹಲ್ಲು ತೀಡುವವನಿಗೆ ತನ್ನದೇ ಒಂದು ತಿರುಪು ಬಿಗಿಮಾಡಲು ಪುರುಸೊತ್ತಿಲ್ಲವೆಂದು ಹೆಂಡತಿ ದಿನಕ್ಕೊಮ್ಮೆ ಆಡಿಕೊಳ್ಳುತ್ತಿದ್ದಳು.

ಮಾಂಸದ ಅಂಗಡಿಯಲ್ಲಿ ಜನವಿರಲಿಲ್ಲ. ಕಟುಕ ದಪ್ಪ ಕತ್ತಿನ, ಮುಖ ಗಂಟಿಕ್ಕಿಕೊಂಡ ಮನುಷ್ಯ, ಕತ್ತಿ ಒರೆಸುತ್ತ ನಿಂತಿದ್ದ. ಇವನು ಸೂಪಿಗೆ ದನದ ಮಾಂಸ ಬೇಕು, ಅಂಗಡಿಯಲ್ಲಿ ಎಲ್ಲಕ್ಕಿಂತ ಮೆತ್ತಗಿರುವುದು ಬೇಕು ಎಂದ. ಸೂಪಿಗೆ ಮೆತ್ತಗಿರೋದು ಯಾರೂ ಒಯ್ಯಲ್ಲ, ಮೊಣಕಾಲ ಕೆಳಗಿನದು ತಗೊಂಡು ಚೆನ್ನಾಗಿ ಬೇಯಿಸಿ, ರುಚಿ ಅದರಲ್ಲೇ ಇರೋದು ಎಂದು ಕಟುಕ ಬುದ್ಧಿ ಹೇಳಿದ.

"ಯಾರಿಗೆ, ಮಗುವಿಗಾ?"

"ನಮ್ಮಕ್ಕನಿಗೆ. ಐವತ್ತೆಂಟು."

"ಯಾಕೆ, ಹಲ್ಲಿಲ್ವಾ?"

"ಇದೆ. ನಾನೇ ಮಾಡಿದ್ದು."

ಹೇಳಬಾರದಿತ್ತು. ಆದರೆ ಕುಣಿಯುತ್ತಿರುವ ಹೊಟ್ಟೆಯಿಂದ ಮಾತು ತಾನಾಗಿ ಹೊರಬರುತ್ತದೆ. ಹಲ್ಲು, ಅಚ್ಚು, ನಂಬರು, ಏಳು ಗಂಟೆ, ಎಲ್ಲವನ್ನೂ ಒಂದೇ ಉಸಿರಿಗೆ ಒದರಿದ. ಕಟುಕ ಕೇಳುತ್ತ ಕೇಳುತ್ತ ಕತ್ತಿ ಕೆಳಗಿಟ್ಟು, ಎಡಕ್ಕೂ ಬಲಕ್ಕೂ ಒಮ್ಮೆ ನೋಡಿ, ದೀಪದ ಕೆಳಗೆ ಬಂದು "ಆ" ಎಂದು ಬಾಯಿ ತೆರೆದ. ಪೂರಾ ಸೆಟ್ಟು. ಮುಂದಿನೆರಡು ಹಲ್ಲಿನ ಪಕ್ಕದವು ಒಂಚೂರು ಒಳಕ್ಕೆ ತಿರುಗಿದ್ದವು. ಹಾಗೆ ತಿರುಗಿಸುವ ಚಾಳಿ ಆ ಮೂರನೆಯ ಮಹಡಿಯಲ್ಲಿ ಒಬ್ಬನಿಗೇ ಇತ್ತು, ಗೆರೆ ಎಳೆದಂತಿದ್ದರೆ ಹಲ್ಲು ನಿಜವೆನಿಸುವುದಿಲ್ಲವೆಂದು ಮೇಲ್ವಿಚಾರಕಿಯೊಂದಿಗೆ ವಾದಿಸಿ ಉಳಿಸಿಕೊಂಡ ಚಾಳಿ. ಅವನಿಗೆ ಕಟುಕನನ್ನು ಅಪ್ಪಿಕೊಳ್ಳಬೇಕೆನಿಸಿತು. ಅಪರಿಚಿತ ಬಾಯೊಳಗೆ ತನ್ನ ಒಂದು ವಾರದ ಕೆಲಸ ಬೆಚ್ಚಗೆ, ಒದ್ದೆಯಾಗಿ, ಜೀವಂತ ಕೂತಿತ್ತು.

"ಅಗೀತೀರಾ?" ಎಂದು ಕೇಳಿದ.

"ಮೂಳೆ ಬೇಕಾದ್ರೂ ಅಗೀತೀನಿ," ಎಂದ ಕಟುಕ ಹಲ್ಲನ್ನು ಎರಡು ಸಲ ಟಕಟಕ ಬಡಿದು ತೋರಿಸಿದ. "ಒಂದೇ ಕಷ್ಟ. ನಗೋ ಹಾಗಿಲ್ಲ. ನಕ್ರೆ ಮೇಲಿನದು ಜಾರುತ್ತೆ. ಅದಕ್ಕೇ ನಗೋದು ಬಿಟ್ಟಿದೀನಿ. ನಾಲ್ಕು ವರ್ಷ ಆಯ್ತು. ಗಿರಾಕಿಗಳು ನಾನು ತುಂಬ ಸಿಡುಕ ಅಂದ್ಕೊಂಡಿದಾರೆ, ಉಧಾರಿನೂ ಕೇಳಲ್ಲ."

ಮಾಂಸದ ಪೊಟ್ಟಣ ಹಿಡಿದು ಹೊರಬಂದವನು ನಾಲ್ಕು ಹೆಜ್ಜೆ ನಡೆದು ಪಾದಚಾರಿ ದಾರಿಯಲ್ಲೇ ನಿಂತುಬಿಟ್ಟ. ಎರಡು ವರ್ಷದಿಂದ ಅವನಿಗೆ ಹಳೆಯ ಸೆಟ್ಟು ಬಿದ್ದದ್ದಷ್ಟೇ ನೆನಪಿತ್ತು, ಯಾವಾಗ ಬಿತ್ತು ಎಂಬುದು ಈಗ ನೆನಪಾಯಿತು. ಹೆಂಡತಿ ಬಸ್ಸಿನ ಡ್ರೈವರು, ಅವಳ ಡಿಪೋದ ಆರು ಜನ ಊಟಕ್ಕೆ ಬಂದಿದ್ದರು. ಅಕ್ಕ ಸೂಪು ಮಾಡಿದ್ದಳು, ವಾರದ ನಡುವಿನ ದಿನಗಳಲ್ಲಿ ಅವಳು ಯಾವಾಗಲೂ ಮಾಡುತ್ತಿದ್ದ ಇದೇ ಪಾಸ್ತಾ ಮತ್ತು ದನದ ಮಾಂಸದ ಸೂಪು, ಚಮಚ ನೆಟ್ಟರೆ ನಿಲ್ಲುವಷ್ಟು ಗಟ್ಟಿ. ಅವತ್ತೇ ಮಧ್ಯಾಹ್ನ ಆ ಸೆಟ್ಟನ್ನು ಕೂರಿಸಿದ್ದರು. ಅಕ್ಕ ಏನೋ ತಮಾಷೆ ಹೇಳುತ್ತಿದ್ದಳು, ಹೇಳುವುದು ಮುಗಿಯುವ ಮೊದಲೇ ತಾನೇ ನಗತೊಡಗಿದ್ದಳು, ತುಟಿ ಮೇಲೆದ್ದಿತ್ತು, ಮೇಲಿನ ಸೆಟ್ಟು ಕಳಚಿಕೊಂಡು ಪುಳಕ್ಕೆಂದು ಸೂಪಿನೊಳಗೆ ಹೋಗಿತ್ತು. ಒಂದು ಕ್ಷಣ ಎಲ್ಲರೂ ಸ್ತಬ್ಧರಾದರು. ಆಮೇಲೆ ಒಬ್ಬ ನಕ್ಕ. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕ. ಅವನು ನಕ್ಕದ್ದರಿಂದ ಉಳಿದವರಿಗೂ ನಗಬಹುದೆಂದಾಯಿತು. ಅಕ್ಕ ಚಮಚದಿಂದ ಹಲ್ಲನ್ನು ಎತ್ತಿ, ಒರೆಸಿ, ಮುಷ್ಟಿಯಲ್ಲಿ ಹಿಡಿದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮೊದಲು ನಕ್ಕ ಆ ಮಹಾನುಭಾವ ಇವನೇ. ಅಮ್ಮ ಹೋದ ಮೇಲೆ ತನ್ನನ್ನು ಎತ್ತಿ ಆಡಿಸಿ, ಸ್ಕೂಲಿಗೆ ಬಿಟ್ಟು, ಜ್ವರ ಬಂದಾಗ ಪಕ್ಕ ಬಿಟ್ಟೇಳದ ಅಕ್ಕನ ಹಲ್ಲು ಬಿದ್ದಾಗ ಎಲ್ಲರಿಗಿಂತ ಮೊದಲು ನಕ್ಕವನು ತಾನು.

ಅಷ್ಟೇ ಆಗಿದ್ದರೆ ನಡಿಗೆಯಲ್ಲಿ ಮರೆಯಬಹುದಿತ್ತೇನೋ. ಅದಕ್ಕೂ ಹಿಂದೆ ಒಂದು ಶುಕ್ರವಾರವಿತ್ತು, ಐದೂವರೆ ಗಂಟೆ, ಎಲ್ಲರೂ ಕೈತೊಳೆಯುತ್ತಿದ್ದ ಹೊತ್ತು. ಅಕ್ಕನ ಸೆಟ್ಟಿನ ಮೇಲಿನ ಅಂಚು ತುಟಿಯ ಕಡೆ ಒಂದು ಕೂದಲೆಳೆ ಉದ್ದವಿದೆ ಎಂದು ಅವನ ಹೆಬ್ಬೆರಳಿಗೆ ಗೊತ್ತಾಗಿತ್ತು. ಇರಲಿ ಬಿಡು, ಕಚ್ಚು ಸರಿಯಿದೆಯಲ್ಲ ಎಂದು ಡಬ್ಬಿ ಮುಚ್ಚಿದ್ದ. ಬೇರೆಯವರದಾಗಿದ್ದರೆ ಬಿಡುತ್ತಿದ್ದನೇ? ಬಿಡುತ್ತಿರಲಿಲ್ಲ. ಮನೆಯವರದು, ಆಮೇಲೆ ಸರಿಮಾಡಿದರಾಯಿತು ಎಂಬ ಸಲಿಗೆ. ಹೊಸ ಸೆಟ್ಟನ್ನು ಐದು ತಿಂಗಳು ಮಾಡಿದ, ಮೂರು ಸಲ ಒಡೆದು ಮಾಡಿದ, ಅಂಚನ್ನು ರೇಷ್ಮೆಯಂತೆ ತೀಡಿದ. ಆದರೆ ದವಡೆಯಂತ್ರ ಕಚ್ಚುತ್ತದೆ, ಅಗಿಯುತ್ತದೆ, ಅತ್ತಿತ್ತ ಅರೆಯುತ್ತದೆ, ನಗುವುದಿಲ್ಲ. ನಗಿಸಿ ನೋಡುವ ಯಂತ್ರವನ್ನು ಯಾವ ಪುಣ್ಯಾತ್ಮನೂ ಇನ್ನೂ ಕಂಡುಹಿಡಿದಿರಲಿಲ್ಲ. ಪಾದಚಾರಿ ದಾರಿಯಲ್ಲಿ ನಿಂತಲ್ಲೇ ಅವನು ಎರಡು ತೀರ್ಮಾನ ಮಾಡಿದ. ಒಂದು, ಮಾಂಸ ಬೆಣ್ಣೆಯಂತಿರಬೇಕು. ಇನ್ನೊಂದು, ಇವತ್ತು ಮೇಜಿನ ಬಳಿ ಯಾರೂ ನಗಬಾರದು. ನಗಬಾರದು ಎಂದುಕೊಂಡಷ್ಟೂ ನಗು ಒತ್ತರಿಸಿ ಬಂತು, ಒಬ್ಬನೇ ಕಿಸಕ್ಕೆಂದು ನಗುತ್ತ ಮನೆಯ ಬೀದಿಗೆ ತಿರುಗಿದ.

ಅಕ್ಕ ಈ ಸೂಪನ್ನು ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ಎರಡು ಗಂಟೆ ಬೇಯಿಸುತ್ತಿದ್ದಳು. ಮಾಂಸ ಬೆಂದಿರಬೇಕು, ಆದರೆ ಹಲ್ಲಿಗೆ ಒಂಚೂರು ಕೆಲಸ ಕೊಡಬೇಕು ಎಂಬುದು ಅವಳ ಕಾನೂನು. ಅವನು ಸದ್ದಿಲ್ಲದೆ ಕುಕ್ಕರನ್ನು ಕೆಳಗಿಳಿಸಿದ. ಈರುಳ್ಳಿ ಹೆಚ್ಚುವಾಗ ಕಣ್ಣೀರು ಸುರಿಯಿತು, ಆ ನೆಪದಲ್ಲಿ ಸ್ವಲ್ಪ ನಿಜವಾಗಿಯೂ ಅತ್ತುಬಿಟ್ಟ, ಅದೂ ಹಿತವಾಗಿತ್ತು. ಕ್ಯಾರೆಟ್ಟು, ಬೆಳ್ಳುಳ್ಳಿ, ನಾಲ್ಕು ಟೊಮೇಟೊ. ಮಾಂಸವನ್ನು ಎಣ್ಣೆಯಲ್ಲಿ ಕೆಂಪಗೆ ಹುರಿದಾಗ ಎದ್ದ ಘಮ ಹಜಾರ ದಾಟಿ ಅಕ್ಕನ ಬಾಗಿಲವರೆಗೆ ಹೋಯಿತು. ಒಳಗೆ ಕುರ್ಚಿ ಎಳೆದ ಸದ್ದಾಯಿತು. ಮುಚ್ಚಳ ಬಿಗಿದು ಉರಿ ದೊಡ್ಡದು ಮಾಡಿದ. ಮೊದಲ ಸೀಟಿ ಕೂಗಿದಾಗ ಬೆಚ್ಚಿ, ಕಳ್ಳತನ ಮಾಡುವವನಂತೆ ಅಡುಗೆಮನೆಯ ಬಾಗಿಲು ಮುಂದೆ ಮಾಡಿದ. ನಾಲ್ಕು ಸೀಟಿ ಸಾಕು. ಆರಕ್ಕೆ ನಿಲ್ಲಿಸೋಣವೆಂದುಕೊಂಡ. ಆರಾದ ಮೇಲೆ, ಅಕ್ಕನ ಹೊಸ ಹಲ್ಲಿನ ನಡುವೆ ಒಂದು ನಾರು ಸಿಕ್ಕಿಕೊಂಡು ಅವಳ ಮುಖ ಬಿಗಿಯುವುದು ಕಣ್ಮುಂದೆ ಬಂತು, ಇನ್ನೆರಡು ಆಗಲಿ ಎಂದ. ಒಂಬತ್ತನೆಯ ಸೀಟಿಗೆ ಹೆಂಡತಿ ಯೂನಿಫಾರ್ಮಿನಲ್ಲೇ ಒಳಗೆ ಬಂದಳು.

"ಏನಿದು, ರೈಲು ಬಿಡ್ತಿದೀಯಾ? ಬೀದಿ ತುದಿಗೆ ಕೇಳುತ್ತೆ."

"ಮೆಲ್ಲಗೆ ಮಾತಾಡು. ಇವತ್ತೊಂದು ದಿನ ಬಾಯಿಗೆ ಬೀಗ ಹಾಕ್ಕೋ. ತಮಾಷೆ ಗಿಮಾಷೆ ಏನೂ ಬೇಡ."

"ಯಾಕೆ?"

"ಅಕ್ಕ ನಗಬಾರದು."

ಅವಳು ಟೋಪಿ ತೆಗೆದು ಅವನನ್ನೇ ನೋಡಿದಳು. "ಎರಡು ವರ್ಷ ಆದ್ಮೇಲೆ ಊಟಕ್ಕೆ ಕರೆದಿರೋದು ನಗಬೇಡ ಅಂತ ಹೇಳೋಕಾ?"

"ತಿನ್ನಲಿ. ಮೊದಲು ತಿನ್ನಲಿ. ನಗೋದು ಆಮೇಲೆ ನೋಡೋಣ. ನಿಂಗೆ ಅರ್ಥ ಆಗಲ್ಲ, ತುಟಿ ಮೇಲೆ ಹೋದ್ರೆ ಅಂಚು ಎಳೆಯುತ್ತೆ."

"ಇವತ್ತೇ ಹೀಗಾಗ್ಬೇಕಾ? ಹದಿನೈದು ವರ್ಷದ ಸರ್ವೀಸಲ್ಲಿ ಇವತ್ತು ಆಗಿದ್ದು ಯಾವತ್ತೂ ಆಗಿಲ್ಲ. ಬಸ್ಸಿಗೆ ಒಂದು ಮೇಕೆ—"

"ಬೇಡ."

"ಅದು ಹತ್ತಿದ್ದಲ್ಲ ವಿಷಯ, ಇಳಿಯುವಾಗ—"

"ಕೈ ಮುಗೀತೀನಿ ಕಣೇ."

ಹೆಂಡತಿ ತುಟಿ ಬಿಗಿಹಿಡಿದು ಬಟ್ಟೆ ಬದಲಿಸಲು ಹೋದಳು. ಹೋಗುವಾಗ ಅವಳ ಭುಜ ಕುಲುಕುತ್ತಿದ್ದದ್ದು ಅವನಿಗೆ ಕಂಡಿತು. ಹನ್ನೊಂದನೆಯ ಸೀಟಿಗೆ ಒಲೆ ಆರಿಸಿ ಮುಚ್ಚಳ ತೆಗೆದ. ಮಾಂಸ ಚಮಚ ತಾಕಿದರೆ ಸಾಕು, ಎಳೆ ಎಳೆಯಾಗಿ ಬಿಚ್ಚಿಕೊಳ್ಳುತ್ತಿತ್ತು. ಗಿಡ್ಡ ಕೊಳವೆಯಂಥ ಪಾಸ್ತಾ ಸುರಿದು, ಹತ್ತು ನಿಮಿಷಕ್ಕೆ ಬೇಯುವುದನ್ನು ಇಪ್ಪತ್ತು ನಿಮಿಷ ಕುದಿಸಿದ. ಅರ್ಧ ಉಳಿದ ಪಾಸ್ತಾ ಪೊಟ್ಟಣ ಊಟದ ಮೇಜಿನ ಮೇಲೆಯೇ ಕೂತಿತ್ತು.

ಏಳಕ್ಕೆ ಸರಿಯಾಗಿ ಬಾಗಿಲು ತೆರೆಯಿತು. ಅಕ್ಕ ಇಸ್ತ್ರಿ ಮಾಡಿದ ನೀಲಿ ಬಟ್ಟೆ ಉಟ್ಟಿದ್ದಳು, ಕೂದಲು ಒತ್ತಿ ಬಾಚಿದ್ದಳು. ತನ್ನ ಹಳೆಯ ಕುರ್ಚಿಯಲ್ಲಿ ಕೂತು, ಅದರ ಒಂದು ಕಾಲು ಈಗಲೂ ಕುಂಟುತ್ತಿದೆಯೇ ಎಂದು ಒಮ್ಮೆ ಅಲುಗಿ ನೋಡಿದಳು. ಕುಂಟುತ್ತಿತ್ತು. ಬಾಯಿ ಮುಚ್ಚಿಯೇ ಇತ್ತು. ಅವನು ಸೂಪು ಬಡಿಸಿದ, ಬಟ್ಟಲು ತುಂಬಿ ತುಳುಕಿತು. ಮೂವರೂ ಪರೀಕ್ಷೆಗೆ ಕೂತವರಂತೆ ತಲೆತಗ್ಗಿಸಿದರು. ಅವನು ಚಮಚ ಎತ್ತಲಿಲ್ಲ, ಮೈಯೆಲ್ಲ ಕಣ್ಣಾಗಿ ಅಕ್ಕನ ದವಡೆ ನೋಡುತ್ತಿದ್ದ. ಚಮಚ ಹೋಯಿತು. ದವಡೆ ಅಲುಗಿತು. ಗಂಟಲು ಇಳಿಯಿತು. ಇನ್ನೊಂದು ಚಮಚ. ಮತ್ತೊಂದು. ಅವನಿಗೆ ಎದ್ದು ಕುಣಿದುಬಿಡಬೇಕೆನಿಸಿತು, ಕುರ್ಚಿಯ ಅಂಚನ್ನು ಭದ್ರವಾಗಿ ಹಿಡಿದುಕೊಂಡ. ಅಕ್ಕ ತಮ್ಮನ ಹೆಂಡತಿಯತ್ತ ತಿರುಗಿದಳು.

"ಇವತ್ತು ಬಸ್ಸಲ್ಲಿ ಏನೂ ಆಗ್ಲಿಲ್ವಾ?"

"ಇಲ್ಲ ಅತ್ತಿಗೆ," ಎಂದಳು ಹೆಂಡತಿ, ಬಟ್ಟಲಿನೊಳಗೆ ನೋಡುತ್ತ. ಅವಳ ಕಿವಿ ಕೆಂಪಗಾಗಿತ್ತು. "ಏನೇನೂ ಆಗ್ಲಿಲ್ಲ."

ಅಕ್ಕ ಚಮಚ ಕೆಳಗಿಟ್ಟಳು. ಮುಗಿಯಿತು ಎಂದುಕೊಂಡ ಅವನು. ಎದ್ದು ಹೋಗುತ್ತಾಳೆ, ಬಾಗಿಲು ಹಾಕಿಕೊಳ್ಳುತ್ತಾಳೆ.

"ಹನ್ನೊಂದು ಸೀಟಿ," ಎಂದಳು ಅಕ್ಕ. "ಒಳಗೆ ಕೂತು ಎಣಿಸ್ತಿದ್ದೆ. ಇದನ್ನ ತಿನ್ನೋಕೆ ಹಲ್ಲು ಯಾಕೋ ಬೇಕು? ಬರೀ ಒಸಡಲ್ಲೇ ತಿಂದು ಮುಗಿಸ್ಬಹುದು. ನಿನ್ನ ಹಲ್ಲಿನ ಮೇಲೆ ನಿಂಗೇ ನಂಬಿಕೆ ಇಲ್ವಾ?"

ಅವನು ಏನಾದರೂ ಜಾಣತನದ್ದು ಹೇಳಬೇಕೆಂದುಕೊಂಡ. ಬಾಯಿಂದ ಬಂದದ್ದು ಶುಕ್ರವಾರ. "ಹಳೇದು ಉದ್ದ ಇದೆ ಅಂತ ನಂಗೆ ಗೊತ್ತಿತ್ತು ಅಕ್ಕ. ಕೈಗೆ ಗೊತ್ತಾಗಿತ್ತು. ಮನೆಗೆ ಹೋಗೋ ಹೊತ್ತು ಅಂತ ಹಾಗೇ ಡಬ್ಬಿಗೆ ಹಾಕ್ದೆ. ಆಮೇಲೆ ಬಿದ್ದಾಗ ನಾನೇ ನಕ್ಕೆ. ನಾಚಿಕೆಯಿಂದ ನೀನು ಒಳಗೆ ಕೂತ್ರೆ, ಅದು ನಾನು ಮಾಡಿದ್ದು."

"ನಾಚಿಕೆ ಅಂತ ಯಾರು ಹೇಳಿದ್ರು?" ಅಕ್ಕ ಅವನನ್ನೇ ನೋಡಿದಳು. "ಸಿಟ್ಟು. ನೀನು ನಕ್ಕಿದ್ದಕ್ಕೂ ಅಲ್ಲ. ನಕ್ಕಮೇಲೆ ಬಾಗಿಲು ತಟ್ಟಿ ತಪ್ಪಾಯ್ತು ಅಂತ ಒಂದು ಮಾತು ಹೇಳ್ತೀಯ ಅಂತ ಕಾದೆ. ಎರಡು ವರ್ಷ ತಟ್ಟೆ ಇಟ್ಟು ಓಡಿಹೋದೆ."

ಎರಡು ವರ್ಷ ಆ ಬಾಗಿಲ ಮುಂದೆ ತಾನು ತುದಿಗಾಲಲ್ಲಿ ನಡೆದದ್ದು, ತಟ್ಟೆ ಇಡುವಾಗ ಸದ್ದಾಗದಂತೆ ಜೋಪಾನ ಮಾಡಿದ್ದು, ಅದನ್ನೇ ಮರ್ಯಾದೆ ಎಂದು ತಿಳಿದದ್ದು ಎಲ್ಲವೂ ಒಟ್ಟಿಗೆ ಮೈಮೇಲೆ ಬಂದು ಬಿತ್ತು. "ತಪ್ಪಾಯ್ತು ಅಕ್ಕ," ಎಂದ. ಅಷ್ಟು ಸಣ್ಣ ಮಾತು. ಹೇಳಿದ್ದೇ ತಡ ಮೈ ಹಗುರವಾಗಿ, ಬೇಡವೆಂದರೂ ಆ ಹಾಳು ಕುಣಿತ ಹೊಟ್ಟೆಯಲ್ಲಿ ಮತ್ತೆ ಶುರುವಾಯಿತು.

ಅಕ್ಕ ಕೈಚಾಚಿ ಮೇಜಿನ ಮೇಲಿದ್ದ ಪೊಟ್ಟಣದಿಂದ ಒಂದು ಬೇಯದ ಪಾಸ್ತಾ ತೆಗೆದಳು, ಕಲ್ಲಿನಂಥದು, ಬೆರಳಲ್ಲಿ ತಿರುಗಿಸಿ ನೋಡಿದಳು.

"ಅದು ಬೇಡ," ಎಂದ ಅವನು. "ಅಷ್ಟು ಗಟ್ಟಿದಕ್ಕೆ ಮಾಡಿಲ್ಲ. ಡಾಕ್ಟ್ರು ಮೊದಲ ವಾರ—"

"ಸುಮ್ನಿರು. ಕೇಳಿಸ್ಕೋ."

ಅದನ್ನು ಎಡಗಡೆಯ ಹಿಂದಿನ ಹಲ್ಲುಗಳ ನಡುವೆ ಇಟ್ಟಳು. ಅವನು ಅರ್ಧ ಎದ್ದು, ಮೇಜಿನ ಮೇಲೆ ಎರಡೂ ಕೈ ಊರಿ, ಅವಳ ಬಟ್ಟಲಿನ ಮೇಲೆ ಬಾಗಿ, ಹಬೆಯಲ್ಲಿ ಮುಖವಿಟ್ಟು, ಅವಳ ಕೆನ್ನೆಗೆ ಕಿವಿ ತಾಗುವಷ್ಟು ಹತ್ತಿರ ಹೋದ. ಕಟ್ ಎಂದಿತು. ಸ್ವಚ್ಛವಾದ, ಎರಡು ಸಮ ತುಂಡಿನ ಸದ್ದು, ದವಡೆಯಂತ್ರದಲ್ಲಿ ಸಾವಿರ ಸಲ ಕಲ್ಪಿಸಿಕೊಂಡ ಸದ್ದು. ಅವನು ಸಂತೋಷಕ್ಕೆ ತಲೆ ಕೊಡವಿದ. ಮಂಜು ಕವಿದ ಕನ್ನಡಕ ಮೂಗಿನಿಂದ ಜಾರಿ, ಒಂದು ಕಿವಿಗೆ ನೇತಾಡಿ, ಪುಳಕ್ಕೆಂದು ಅಕ್ಕನ ಸೂಪಿನೊಳಗೆ ಹೋಯಿತು.

ಯಾರೂ ಅಲುಗಲಿಲ್ಲ. ಆಮೇಲೆ ಒಬ್ಬರು ನಕ್ಕರು. ಮೊದಲು ಮೂಗಿನಲ್ಲಿ ಗುರ್ ಎಂದ ಸದ್ದು, ಆಮೇಲೆ ತಡೆಯಲಾಗದ, ಹೊಟ್ಟೆಯ ತಳದಿಂದ ಎದ್ದ, ಬಾಯಿ ಪೂರಾ ತೆರೆದ ನಗು. ಅಕ್ಕನ ನಗು. ಎರಡು ವರ್ಷದಲ್ಲಿ ಅವನು ಮರೆತೇಬಿಟ್ಟಿದ್ದ ಏರಿಳಿತ, ಕೊನೆಯಲ್ಲಿ ಸಣ್ಣಗೆ ಕೀಚಲಾಗುವ ಅದೇ ನಗು. ಕುಂಟು ಕುರ್ಚಿ ಟಕಟಕ ಬಡಿಯುತ್ತಿತ್ತು, ಹೆಂಡತಿ ತಡೆಯಲಾರದೆ ಮೇಜಿನ ಮೇಲೆ ತಲೆಯಿಟ್ಟಿದ್ದಳು. ಅವನು ಕಣ್ಣು ಕಿರಿದು ಮಾಡಿ, ಹಿಗ್ಗಿಸಿ, ಇನ್ನೂ ಮುಂದೆ ಬಾಗಿ ನೋಡಿದ. ಅಷ್ಟು ಹತ್ತಿರದಲ್ಲಿ ಅವನಿಗೆ ಕಂಡದ್ದು ಒಂದು ನೀಲಿ ಮಬ್ಬು, ಅದರ ಮೇಲೆ ಒಂದು ಕಂದು ಮಬ್ಬು, ನಡುವೆ ಬೆಳ್ಳಗೆ ಏನೋ ಒಂದು. ಇಪ್ಪತ್ತೆರಡು ವರ್ಷ ಕಾದದ್ದು ಮೂಗಿನ ಮುಂದೆಯೇ ನಡೆಯುತ್ತಿತ್ತು, ನೋಡುವ ಯೋಗ ಮಾತ್ರ ಸೂಪಿನೊಳಗಿತ್ತು.

"ಜಾರಿತಾ?" ಎಂದು ಹೆಂಡತಿಯನ್ನು ಕೇಳಿದ. "ಹೇಳೇ, ಮೇಲಿನದು ಜಾರಿತಾ?"

"ಇಲ್ಲ," ಎಂದಳು ಅವಳು, ಕಣ್ಣೊರೆಸಿಕೊಳ್ಳುತ್ತ. "ಗಟ್ಟಿಯಾಗಿ ಕೂತಿದೆ. ಅಲುಗೇ ಇಲ್ಲ."

"ಅಂಚು? ತುಟಿ ಹತ್ರ?"

"ಅವತ್ತು ಮೊದಲು ನಕ್ಕಿದ್ದು ನೀನು," ಎಂದಳು ಅಕ್ಕ, ಏದುಸಿರು ಬಿಡುತ್ತ. ಚಮಚದಿಂದ ಕನ್ನಡಕವನ್ನು ಹುಡುಕಿ ಎತ್ತಿ, ಅದಕ್ಕಂಟಿದ ಒಂದು ಪಾಸ್ತಾವನ್ನು ತೆಗೆದು ತಾನೇ ಬಾಯಿಗೆ ಹಾಕಿಕೊಂಡು, ಅವನ ಅಂಗೈಯಲ್ಲಿಟ್ಟಳು. "ಇವತ್ತು ನಾನು. ಲೆಕ್ಕ ಚುಕ್ತಾ. ಹೋಗು, ತೊಳ್ಕೊಂಡು ಬಾ. ಇನ್ನೊಂದ್ಸಲ ನಗ್ತೀನಿ, ಆಗ ನೋಡುವಂತೆ."

ಅವನು ಗೋಡೆ ತಡವುತ್ತ ಅಡುಗೆಮನೆಗೆ ಓಡಿದ. ಜಿಡ್ಡು ಬೇಗ ಹೋಗಲಿಲ್ಲ, ಸೋಪು ಕೈಗೆ ಸಿಗಲಿಲ್ಲ, ತಣ್ಣೀರಿನ ನಲ್ಲಿ ಎಂದುಕೊಂಡು ಬಿಸಿನೀರಿನದನ್ನು ತಿರುಗಿಸಿ ಕೈ ಸುಟ್ಟುಕೊಂಡ. "ತಾಳಿ," ಎಂದು ಅಲ್ಲಿಂದಲೇ ಕೂಗಿದ. "ಬಂದೆ, ನಾನು ಬರೋವರೆಗೂ ಯಾರೂ ಏನೂ ಹೇಳ್ಬೇಡಿ." ಒಂದು ಗಾಜು ಸ್ವಚ್ಛವಾಯಿತು, ಇನ್ನೊಂದು ಇನ್ನೂ ಮಸುಕಾಗಿತ್ತು. ಅಂಗಿಯ ಚುಂಗಿನಿಂದ ಅದನ್ನು ಉಜ್ಜುತ್ತಿರುವಾಗ ಹಿಂದಿನಿಂದ ಹೆಂಡತಿಯ ದನಿ ಕೇಳಿತು.

"ಅತ್ತಿಗೆ, ಇವತ್ತು ಬಸ್ಸಿಗೆ ಒಂದು ಮೇಕೆ ಹತ್ತಿತ್ತು."